ಸ್ಕಿಜೋಫ್ರೇನಿಯಾ ಇದ್ದವರಿಗೆ ಕೆಲಸ ಕೊಡಿಸುವಾಗ ನಾನು ಮಾಡುವುದು

ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಕೆಲಸ ಹುಡುಕಿಕೊಡುವುದು ನನ್ನ ಉದ್ಯೋಗ. ಮನೆ ಹುಬ್ಬಳ್ಳಿ, ಓಡಾಟ ಗದಗಿನ ತನಕ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಿಕೊಂಡು ಮನೆಗೆ ಬಂದವರೇ ಜಾಸ್ತಿ. "ಪೂರ್ತಿ ಆರಾಮ ಆಗ್ಲಿ ತಡೀರಿ, ಆಮ್ಯಾಲ ನೋಡೂಣು" ಅಂತಾರೆ ಮನೆಯವರು. ನಾನು ಹಾಗೆ ಕಾಯುವುದಿಲ್ಲ. ದುಡಿಯುವ ಮನಸ್ಸಿದ್ದರೆ ಸಾಕು. ಮೊದಲು ಕೆಲಸಕ್ಕೆ ಸೇರಿಸು, ಕಲಿಯುವುದು ಅಲ್ಲೇ ಆಗಲಿ ಅನ್ನುವ ಈ ಪದ್ಧತಿಗೆ ಐಪಿಎಸ್ (ಇಂಡಿವಿಜುಯಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್) ಅಂತಾರೆ. 1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೆಳೆದದ್ದು. ತರಬೇತಿ ಅಂತ ವರ್ಷಗಟ್ಟಲೆ ಮೇಣದಬತ್ತಿ ಮಾಡಿಸುತ್ತ ಕೂರಿಸುವುದು ನನಗಂತೂ ಸೇರುವುದಿಲ್ಲ.

ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್‌ಗಳು ಬಹಳ. ಅಲ್ಲಿನ ಒಬ್ಬ ಹುಡುಗನಿಗೆ ಯಾರೂ ಮಾತಾಡದಿದ್ದರೂ ಕಿವಿಯಲ್ಲಿ ದನಿಗಳು ಕೇಳುತ್ತಿದ್ದವು. ಅಂಗಡಿ ಬೇಡ, ಪ್ರೆಸ್ಸೇ ಬೇಕು ಅಂದ. ಅಲ್ಲಿ ಗದ್ದಲ ಜಾಸ್ತಿ ಅಲ್ವಾ ಅಂದೆ. "ಮಶೀನ್ ಸಪ್ಪಳದಾಗ ಅವು ಅಷ್ಟ ಕೇಳ್ಸೂದಿಲ್ರಿ ಸರ" ಅಂದ. ನೋಟ್‌ಬುಕ್ ಹಾಳೆ ಎಣಿಸಿ, ಮಡಚಿ, ಪಿನ್ ಹೊಡೆಯುವವರಿಗೆ ಕೊಡುವ ಕೆಲಸ ಸಿಕ್ಕಿತು.

ಮಾಲಕರಿಗೆ ಎಷ್ಟು ಹೇಳಬೇಕು ಅನ್ನುವುದು ಅವನಿಗೇ ಬಿಟ್ಟದ್ದು. ಕಾಯಿಲೆ ಹೆಸರು ಬೇಡ, ಗುಳಿಗೆ ಸಂಗತಿ ಮಾತ್ರ ಹೇಳ್ರಿ ಅಂದ. ಅಷ್ಟೇ ಹೇಳಿದೆ. "ಹಂಗಾರ ಅರ್ಧಾ ಪಗಾರಕ್ಕ ಬರ್ಲಿ" ಅಂದರು ಮಾಲಕರು. ನಾನು ಒಪ್ಪಲಿಲ್ಲ. "ಉಳಿದವ್ರಿಗೆ ಎಷ್ಟು ಕೊಡ್ತೀರೋ ಅಷ್ಟ ಕೊಡ್ರಿ. ಕೆಲಸ ಬರ್ಲಿಲ್ಲಂದ್ರ ಬಿಡಿಸ್ರಿ." ಅರ್ಧ ಪಗಾರದವನಿಗೆ ಅಲ್ಲಿ ಅರ್ಧ ಮರ್ಯಾದೆಯೇ ಸಿಗುವುದು.

ನನ್ನ ನಿಜವಾದ ಕೆಲಸ ಆಮೇಲಿನದು. ರಾತ್ರಿ ಗುಳಿಗೆಯ ಮಂಪರು ಮುಂಜಾನೆ ಇಳಿಯುತ್ತಿರಲಿಲ್ಲ. ಇದಕ್ಕೇ ಡಾಕ್ಟರಿಗೆ ಹೇಳದೆ ಗುಳಿಗೆ ಬಿಡುವವರು ಬಹಳ ಮಂದಿ, ಕೆಲಸ ಕೆಡುವುದೂ ಅಲ್ಲಿಂದಲೇ. ಅವನ ಜೊತೆ ಡಾಕ್ಟರ ಹತ್ತಿರ ಹೋದೆ. ಅವರು ಗುಳಿಗೆಯನ್ನು ಸಂಜೆ ಊಟದ ಹೊತ್ತಿಗೇ ತಗೊಳ್ಳಲು ಹೇಳಿದರು. ಮಾಲಕರು ಹತ್ತು ಗಂಟೆಗೆ ಬಾ ಅಂದರು. ಹುಡುಗನ ತಾಯಿಯದೇ ಇನ್ನೊಂದು ತ್ರಾಸ. "ಉಂಡನೇನ್ರಿ, ಗುಳಿಗಿ ತಗೊಂಡನೇನ್ರಿ" ಅಂತ ಪ್ರೆಸ್ಸಿಗೇ ಫೋನು. "ಅವ್ವಾರ, ಇನ್ಮ್ಯಾಲೆ ನನಗ ಮಾಡ್ರಿ" ಅಂದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಶೇ 40 ಅಥವಾ ಹೆಚ್ಚು ಅಂತ ಸರ್ಟಿಫಿಕೇಟ್ ಇದ್ದರೆ ಸರ್ಕಾರಿ ನೌಕರಿಯ ಮೀಸಲಾತಿಯಲ್ಲಿ ಪಾಲುಂಟು. ಆದರೆ ತಂಗಿಯ ಮದುವೆಗೆ ಅಡ್ಡಿ ಅಂತ ಎಷ್ಟೋ ಮನೆಯವರು ಅಂಗವೈಕಲ್ಯದ ಕಾರ್ಡೇ ಬೇಡ ಅಂತಾರೆ. ನಾನು ಜುಲುಮೆ ಮಾಡುವುದಿಲ್ಲ, ಪ್ರೆಸ್ ಕೆಲಸಕ್ಕೆ ಕಾರ್ಡ್ ಬೇಕಿಲ್ಲ.

ಕಾಯಿಲೆ ಮರುಕಳಿಸುವ ಮುಂಚಿನ ಗುರುತುಗಳನ್ನು ಅವನ ಬಾಯಿಂದಲೇ ಬರೆಸಿಕೊಂಡಿದ್ದೆ. ನಿದ್ದೆ ಕೆಡುವುದು, ಸ್ನಾನ ಬಿಡುವುದು, ಚಹಾದ ಹೊತ್ತಿಗೆ ಒಬ್ಬನೇ ಹೊರಗೆ ನಿಲ್ಲುವುದು. ಅವನೇ ಒಪ್ಪಿ ಒಬ್ಬ ಹಿರಿಯ ಬೈಂಡರ್‌ಗೆ ಇದನ್ನು ಹೇಳಿದ. ಶಾಲೆ ಶುರುವಾಗುವ ಮುಂಚೆ, ಸೀಸನ್ ಜೋರಿದ್ದಾಗ, ಅವರಿಂದ ಫೋನ್ ಬಂತು. ಮಾರನೇ ದಿನವೇ ಡಾಕ್ಟರಿಗೆ ತೋರಿಸಿದೆವು. ಮಾಲಕರು ದಿನಗೂಲಿಗೆ ಬೇರೆಯವರನ್ನು ಹಾಕಿಕೊಂಡರು, ಜಾಗ ಮಾತ್ರ ಇವನದೇ ಅಂದರು. ವಾಪಸ್ ಬಂದಾಗ ಮೊದಮೊದಲು ಮಧ್ಯಾಹ್ನದ ತನಕ ಮಾಡಿದ, ಆಮೇಲೆ ಪೂರ್ತಿ ದಿನ.