ಹೊಂಗೆ ಎಲೆ ಗಂಟಿನೊಳಗಿನ ನುಸಿ: ಕಾಲಕ್ಕೊಂದು ರೂಪ ಇದ್ಯಾ ಅಂತ ನೋಡೋದು ಹೇಗೆ?

ಹೊಂಗೆ ಮರದ ನೆರಳಲ್ಲಿ ಬೈಕ್ ನಿಲ್ಲಿಸೋರು ಒಂದ್ಸಲ ತಲೆ ಎತ್ತಿ ಎಲೆ ನೋಡ್ರಿ. ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆ ಹೊಂಗೆ ಎಲೆ ಮೇಲೆ ಬೊಕ್ಕೆ ಎದ್ದಂಗೆ ಹಸಿರು ಗಂಟುಗಳು ಕಾಣ್ತಾವೆ. ಪಕ್ಕದ ಮನೆ ಅಜ್ಜಿ ಅದನ್ನ ನೋಡಿ "ಮರಕ್ಕೆ ಅಮ್ಮ ಆಗೇತಿ ಬಿಡಪ್ಪ" ಅಂತಿದ್ರು. ಅಮ್ಮ ಅಲ್ಲ, ಅದು ನುಸಿ ಕೆಲಸ, ಇಂಗ್ಲಿಷಲ್ಲಿ ಮೈಟ್ ಅಂತಾರಲ್ಲ ಆ ಧೂಳಿನಷ್ಟು ಸಣ್ಣ ಜೀವಿ. ಅಸೇರಿಯಾ ಪೊಂಗಾಮಿಯೆ ಅಂತ ಅದರ ಹೆಸರು, ನಮ್ಮ ತೆಂಗಿನಕಾಯಿ ಕೆಡಿಸೋ ನುಸಿಗೆ ದಾಯಾದಿ. ಎಲೆ ಎಳೇದಿದ್ದಾಗ ಸೂಜಿಯಂಥ ಬಾಯಿಂದ ರಸ ಹೀರುತ್ತೆ, ಎಲೆ ಅಲ್ಲೇ ಊದ್ಕೊಂಡು ಅದಕ್ಕೆ ಮನೆ ಕಟ್ಟಿಕೊಡುತ್ತೆ, ಬಾಡಿಗೆ ಇಲ್ಲ ಅಡ್ವಾನ್ಸ್ ಇಲ್ಲ.

ನೋಡೋಕೆ ಶುರು ಮಾಡೋ ಮುಂಚೆ ಒಂದು ವಿಷಯ ತಲೇಲಿರ್ಲಿ. ಚಳಿ ದೇಶಗಳಲ್ಲಿ ಎಲೆ ಉದುರಿಸೋ ಮರಗಳ ಮೇಲಿರೋ ಇಂಥ ಎಷ್ಟೋ ನುಸಿಗಳಲ್ಲಿ ಹೆಣ್ಣಿಗೆ ಎರಡು ರೂಪ. ಬೇಸಿಗೆ ಹೆಣ್ಣು ನೋಡೋಕೆ ಗಂಡಿನ ಥರಾನೇ ಇರುತ್ತೆ, ಮೈಮೇಲಿನ ಉಂಗುರಗಳ ತುಂಬ ಸಣ್ಣ ಸಣ್ಣ ಗುಬುಟು, ಮೊಟ್ಟೆ ಇಡ್ತಾ ಸಂಸಾರ ಬೆಳೆಸುತ್ತೆ. ಎಲೆ ಬಲಿತು ಚಳಿ ಹತ್ರ ಬಂದಾಗ ಹುಟ್ಟೋ ಹೆಣ್ಣೇ ಬೇರೆ, ಗುಬುಟು ಕಮ್ಮಿ, ಬೆನ್ನು ನುಣುಪು, ಮೊಟ್ಟೆ ಇಡದೆ ತೊಗಟೆ ಸಂದೀಲೋ ಮೊಗ್ಗಿನ ಪದರದಲ್ಲೋ ಸೇರ್ಕೊಂಡು ಚಳಿ ಕಳೆದು ಚಿಗುರು ಬಂದ್ಮೇಲೆ ಅಲ್ಲಿ ಮೊಟ್ಟೆ ಇಡುತ್ತೆ. ಇವೆರಡನ್ನೂ ಬೇರೆ ಬೇರೆ ಜಾತಿ ಅಂತ ತಿಳಿದು ಎರಡು ಹೆಸರು ಇಟ್ಟಿದ್ದೂ ಉಂಟು! ಕ್ಯಾಲಿಫೋರ್ನಿಯಾದ ನುಸಿ ತಜ್ಞ ಎಚ್. ಎಚ್. ಕೈಫರ್ 1942ರಲ್ಲಿ ಈ ಗೊಂದಲ ಬಿಡಿಸಿದ್ರು. 1965ರಲ್ಲಿ ಮೆಕ್ಸಿಕೋದ ಗೆರೆರೋದಿಂದ ಬಂದ ತೆಂಗಿನ ನುಸಿಗೆ ಹೆಸರಿಟ್ಟೋರೂ ಅವರೇ, ಅದು 1998ರಲ್ಲಿ ಕೇರಳದಲ್ಲಿ ಕಾಣಿಸ್ಕೊಂಡು ಆಮೇಲೆ ನಮ್ಮ ತೋಟಗಳಿಗೂ ಬಂತಲ್ಲ, ಅದೇ.

ದಾವಣಗೆರೇಲಿ ಅಂಥಾ ಚಳಿ ಎಲ್ಲಿದೆ ಹೇಳ್ರಿ. ಬಿಸಿಲು ದೇಶದ ನುಸಿಗಳಲ್ಲಿ ಈ ಎರಡು ರೂಪ ಅಪರೂಪ. ಹಾಗಾಗಿ ಸಿಕ್ಕೇ ಸಿಗುತ್ತೆ ಅಂತ ಹೊರಡಬೇಡ್ರಿ, ಒಂದೇ ಮರನ ವರ್ಷವಿಡೀ ನೋಡೋದು ಹೆಂಗೆ ಅಂತ ಕಲಿಯೋಕೆ ಹೊರಡ್ರಿ.

ಮೊದಲನೇದು, ಮರ ಒಂದೇ ಇರ್ಲಿ. ಮನೆ ಹತ್ರದ್ದು, ಕೈಗೆ ಎಟುಕೋ ಕೊಂಬೆ ಇರೋದು. ಆ ಕೊಂಬೆಗೆ ಒಂದು ಬಣ್ಣದ ದಾರ ಕಟ್ರಿ.

ಎರಡನೇದು, ತಿಂಗಳಿಗೊಮ್ಮೆ ಐದಾರು ಎಲೆ ಕಿತ್ತು ಕಾಗದದ ಪೊಟ್ಟಣಕ್ಕೆ ಹಾಕ್ರಿ, ಮೇಲೆ ತಾರೀಖು ಬರೀರಿ, ಎಲೆ ಎಳೇದೋ ಬಲಿತಿದ್ದೋ, ಕೊಂಬೆ ತುದೀದೋ ಬುಡದ್ದೋ ಅದನ್ನೂ ಬರೀರಿ. ಇದೇನ್ ದೊಡ್ಡ ಕೆಲಸ ಅನ್ಕೊಂಡೇ ನಾನು ಮೊದಲ ವರ್ಷ ಹಾಳು ಮಾಡ್ಕೊಂಡಿದ್ದು, ಮಂಡಕ್ಕಿ ಮಿರ್ಚಿ ಕಟ್ಟಿಸ್ಕೊಂಡು ಬಂದ ಪೇಪರಲ್ಲೇ ಎಲೆ ಸುತ್ತಿಟ್ಟು ತಾರೀಖು ನೆನಪಿರುತ್ತೆ ಬಿಡು ಅಂದ್ಕೊಂಡೆ, ಆಮೇಲೆ ಎಣ್ಣೆ ಹೀರಿದ ನಾಲ್ಕು ಪೊಟ್ಟಣ, ಯಾವುದು ಶ್ರಾವಣದ್ದು ಯಾವುದು ದೀಪಾವಳೀದು ಆ ದೇವರಿಗೇ ಗೊತ್ತು. ಮೈಕ್ರೋಸ್ಕೋಪ್ ಇಲ್ದಿದ್ರೂ ನಡೆಯುತ್ತೆ, ತಾರೀಖು ಇಲ್ದಿದ್ರೆ ನಡೆಯಲ್ಲ.

ಮೂರನೇದು ಮಜಾ ಇರೋ ಭಾಗ. ಗಂಟು ಎಲೆಯ ಒಂದು ಕಡೆ ಉಬ್ಬಿದ್ರೆ ಅದರ ಬಾಯಿ ಇನ್ನೊಂದು ಕಡೆ ಇರುತ್ತೆ, ಸಣ್ಣ ತೂತು. ಶೇವಿಂಗ್ ಬ್ಲೇಡಿಂದ ಗಂಟನ್ನ ಉದ್ದಕ್ಕೆ ಸೀಳಿ ಕರಿ ಹಾಳೆ ಮೇಲೆ ಇಡ್ರಿ. ಫ್ಯಾನ್ ಆಫ್ ಮಾಡ್ರಿ, ಇಲ್ಲಾಂದ್ರೆ ನುಸಿ ಹಾರೋಗುತ್ತೆ, ಅದು ಮರದಿಂದ ಮರಕ್ಕೆ ಹೋಗೋದೂ ಗಾಳೀಲೇ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸ್ಕೊಳ್ತಾರಲ್ಲ ಆ ಲೆನ್ಸ್ ಸಾಕು, 10 ಪಟ್ಟು ದೊಡ್ಡದು ಮಾಡಿದ್ರೆ ಆಯ್ತು. ಗಂಟು ಒಣಗ್ತಾ ಬಂದಂಗೆ ಒಳಗಿನವು ಹೊರಗೆ ಬರ್ತಾವೆ, ಮೊದಲು ಬಿಳಿ ಧೂಳು ಅನ್ಸುತ್ತೆ, ಉಸಿರು ಬಿಗಿ ಹಿಡಿದು ನೋಡ್ತಾ ಇದ್ರೆ ಆ ಧೂಳು ಮೆಲ್ಲಗೆ ತೆವಳೋಕೆ ಶುರು ಮಾಡುತ್ತೆ. ಉದ್ದ ಸುಮಾರು 0.2 ಮಿಲಿಮೀಟರು, ಅಂದ್ರೆ ಐದನ್ನ ಸಾಲಾಗಿ ಮಲಗಿಸಿದ್ರೆ ಸ್ಕೇಲಿನ ಒಂದು ಸಣ್ಣ ಗೆರೆ.

ಮೋಸ ಹೋಗೋದೂ ಇಲ್ಲೇ. ಎಂಟು ಕಾಲಲ್ಲಿ ಸರಸರ ಓಡೋದು ಕಂಡ್ರೆ ಅದು ನಮ್ಮದಲ್ಲ, ನಮ್ಮದನ್ನ ತಿನ್ನೋಕೆ ಬಂದಿರೋ ಬೇರೆ ನುಸಿ ಇರ್ಬಹುದು. ಕಾಲೇ ಇಲ್ಲದ ಹುಳ ಸಿಕ್ರೆ ಯಾವುದೋ ನೊಣದ ಮರಿ. ಗಂಟಿನ ನುಸಿಗೆ ಮರಿಯಿಂದ ಮುದುಕಿವರೆಗೂ ನಾಲ್ಕೇ ಕಾಲು, ಅವೂ ತಲೆ ಹತ್ರ, ಹಿಂದಿನ ಮೈಯೆಲ್ಲ ಕ್ಯಾರೆಟ್ ಥರ. ಕಣ್ಣಿಲ್ಲ.

ನಾಲ್ಕನೇದಕ್ಕೆ ಕಾಲೇಜ್ ಲ್ಯಾಬ್ ಬೇಕು. ಸೂಜಿ ತುದಿಗೆ ಒಂದು ರೆಪ್ಪೆ ಕೂದಲು ಅಂಟಿಸಿ ಅದರಲ್ಲಿ ನುಸಿ ಎತ್ತಿ ಗ್ಲಿಸರಿನ್ ಹನಿಗೆ ಬಿಡ್ರಿ, ಮೇಲೆ ಕವರ್ ಸ್ಲಿಪ್. 100 ಪಟ್ಟಿಗೆ ಕಾಲು ಎಣಿಸಬಹುದು, 400ಕ್ಕೆ ಉಂಗುರ ಕಾಣ್ತಾವೆ, ಲೈಟ್ ಕಮ್ಮಿ ಮಾಡಿ ಫೋಕಸ್ ತಿರುಗಿಸ್ತಾ ಹೋದ್ರೆ ಉಂಗುರದ ಮೇಲಿನ ಗುಬುಟೂ ತೋರ್ಬಹುದು. ಬೆನ್ನು, ಹೊಟ್ಟೆ ಎರಡೂ ಕಡೆ ನೋಡಿ ಪೆನ್ಸಿಲಲ್ಲಿ ಚಿತ್ರ ಬಿಡಿಸ್ರಿ, ಫೋಟೋ ಒಂದನ್ನೇ ನಂಬಬೇಡ್ರಿ. ಒಂದು ನುಸಿ ನುಣುಪಾಗಿ ಕಂಡ್ತು ಅಂತ ಕುಣಿಯೋದೂ ಬೇಡ, ಆಗಷ್ಟೇ ಪೊರೆ ಬಿಟ್ಟಿದ್ದೋ, ಮರಿಯೋ ಇರ್ಬಹುದು. ಹತ್ತಾರು ನೋಡಿ ಎಲ್ಲಾ ಹಂಗೇ ಇದ್ರೆ ಆಗ ಮೇಷ್ಟ್ರಿಗೆ ಹೇಳ್ರಿ.

ಕೊನೇದು, ಸಂಕ್ರಾಂತಿ ಕಳೆದು ಹೊಂಗೆ ಎಲೆ ಉದುರೋ ಹೊತ್ತಲ್ಲಿ ಬಿಟ್ಟುಬಿಡಬೇಡ್ರಿ. ಎಲೆ ಇಲ್ಲ ಇನ್ನೇನ್ ನೋಡೋದು ಅನ್ಸುತ್ತೆ, ಆದ್ರೆ ಮರದಲ್ಲೇ ಉಳ್ಕೊಂಡಿರೋವು ಇರ್ಬೇಕಾದ್ದು ಕೊಂಬೆ ಮೇಲೇನೇ ಅಲ್ವಾ. ದಾರ ಕಟ್ಟಿದ ಕೊಂಬೆಯ ಕಣ್ಣುಗಳನ್ನ, ಮೊಗ್ಗಿನ ಸಿಪ್ಪೆ ಸಂದೀನ ಲೆನ್ಸಲ್ಲಿ ನೋಡ್ರಿ. ಯುಗಾದಿ ಹೊತ್ತಿಗೆ ತಾಮ್ರದ ಬಣ್ಣದ ಚಿಗುರು ಬಂದಾಗ ದಿನಾ ನೋಡ್ರಿ, ಮೊದಲ ಗಂಟು ಯಾವ ಎಲೆ ಮೇಲೆ ಎದ್ದಿತು, ಎಷ್ಟನೇ ತಾರೀಖು, ಪೊಟ್ಟಣದ ಮೇಲೆ ಬರೆದಿಡ್ರಿ.