ಹೊರವಲಯದಲ್ಲಿ ಮನೆ ಕೊಳ್ಳುವುದು ಹೇಗೆ: ಮೊದಲು ನೀರು ಮತ್ತು ಕಾಗದ, ಆಮೇಲೆ ಗೋಡೆ

ಮೈಸೂರಿನ ಹೊರವರ್ತುಲ ರಸ್ತೆ ದಾಟಿ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಹೂಟಗಳ್ಳಿ, ಇಲವಾಲ, ಕಡಕೊಳದ ಕಡೆಗೆ ಹೋದರೆ ಒಂದಾದ ಮೇಲೊಂದು ಬಡಾವಣೆಯ ಕಮಾನು ಎದುರಾಗುತ್ತದೆ. ವರ್ಷಗಟ್ಟಲೆ ಬಾಡಿಗೆ ಕಟ್ಟಿದ ನೌಕರರು, ಕಾರ್ಖಾನೆಗಳಲ್ಲಿ ದುಡಿಯುವವರು, ಊರಿನ ಜಮೀನನ್ನು ಉಳಿಸಿಕೊಂಡೇ ಮಕ್ಕಳ ಓದಿಗೆಂದು ಮಂಡ್ಯ, ಚಾಮರಾಜನಗರದ ಹಳ್ಳಿಗಳಿಂದ ಬಂದವರು ಇಲ್ಲಿ ಸ್ವಂತ ಮನೆ ಹುಡುಕುತ್ತಿದ್ದಾರೆ. ಇವರಲ್ಲಿ ಹೆಚ್ಚಿನವರು ಅಡುಗೆಕಟ್ಟೆ, ದೇವರಮನೆ, ಬಾಗಿಲಿನ ದಿಕ್ಕು ನೋಡುವುದಕ್ಕೆ ಕೊಡುವಷ್ಟು ಸಮಯವನ್ನು ಜಮೀನಿನ ಕಾಗದಕ್ಕೂ ಬಡಾವಣೆಯ ನೀರಿಗೂ ಕೊಡುವುದಿಲ್ಲ. ಗೋಡೆಯನ್ನು ಒಡೆದು ಕಟ್ಟಬಹುದು, ಅಡುಗೆಮನೆಯನ್ನು ಬದಲಾಯಿಸಬಹುದು. ಕೃಷಿಯಿಂದ ವಾಸದ ಉದ್ದೇಶಕ್ಕೆ ಭೂಪರಿವರ್ತನೆಯಾಗದ ನೆಲವನ್ನಾಗಲಿ, ಬಾರದ ನೀರನ್ನಾಗಲಿ ಕೊಂಡ ಮೇಲೆ ಸರಿಪಡಿಸುವುದು ಒಂದು ಕುಟುಂಬದ ಕೈಯಲ್ಲಿರುವ ಕೆಲಸವಲ್ಲ. ಆದ್ದರಿಂದ ಈ ಲೇಖನದ ಕ್ರಮವೇ ತುಸು ಬೇರೆ: ಮನೆಯ ಒಳಗೆ ಕಾಲಿಡುವುದು ಇಲ್ಲಿ ಐದನೆಯ ಹೆಜ್ಜೆ.

1. ಮನೆಮಂದಿಯೆಲ್ಲ ಕೂತು ಮಾತಾಡುವುದು

ಮನೆ ನೋಡಲು ಹೊರಡುವ ಮೊದಲು, ಅಲ್ಲಿ ಹಗಲಿಡೀ ಇರುವವರು ಯಾರು ಎಂಬುದನ್ನು ಕೇಳಿಕೊಳ್ಳಬೇಕು. ಸಾಮಾನ್ಯವಾಗಿ ಸಾಲ ಕಟ್ಟುವವರು ತೀರ್ಮಾನ ಮಾಡುತ್ತಾರೆ. ಆದರೆ ಆ ಮನೆಯಲ್ಲಿ ದಿನ ಕಳೆಯುವವರು ಅತ್ತೆ, ಮಾವ, ಚಿಕ್ಕ ಮಕ್ಕಳು ಮತ್ತು ಮನೆಯ ಕೆಲಸ ನೋಡಿಕೊಳ್ಳುವ ಹೆಣ್ಣುಮಕ್ಕಳು. ವಯಸ್ಸಾದವರಿಗೆ ನೆಲಮಹಡಿಯಲ್ಲೇ ಮಲಗುವ ಕೋಣೆ ಮತ್ತು ಬಚ್ಚಲು ಇದೆಯೇ, ಕೆ.ಆರ್. ಆಸ್ಪತ್ರೆಗೋ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಗೋ ರಾತ್ರಿ ಹೊತ್ತಿನಲ್ಲಿ ತಲುಪುವುದು ಹೇಗೆ, ಸ್ಕೂಟರ್ ಓಡಿಸಲು ಬಾರದವರು ಸಿಟಿ ಬಸ್ ಹಿಡಿಯಲು ಎಷ್ಟು ದೂರ ನಡೆಯಬೇಕು ಎಂಬ ಪ್ರಶ್ನೆಗಳನ್ನು ಅವರ ಬಾಯಿಂದಲೇ ಕೇಳಿಸಿಕೊಳ್ಳುವುದು ಒಳ್ಳೆಯದು. ಮನೆ ಯಾರ ಹೆಸರಿಗೆ ಎಂಬುದನ್ನೂ ಈಗಲೇ ಮಾತಾಡಿಕೊಳ್ಳಬೇಕು. ಗಂಡ ಹೆಂಡತಿ ಇಬ್ಬರೂ ದುಡಿದು ಕಂತು ಕಟ್ಟುವುದಾದರೆ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇರುವುದು ನ್ಯಾಯ.

2. ಬಡಾವಣೆಯನ್ನು ಬೇಸಿಗೆಯಲ್ಲೂ ಮಳೆಯಲ್ಲೂ ನೋಡುವುದು

ಮೈಸೂರು ನಗರಕ್ಕೆ ಕಾವೇರಿ ಮತ್ತು ಕಬಿನಿಯ ನೀರು ಬರುತ್ತದೆ ಎಂಬ ಮಾತು ನಿಜ. ಆ ಕೊಳವೆ ನಿಮ್ಮ ಬಡಾವಣೆಯ ಬೀದಿಗೆ ಬಂದಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಹೊರವಲಯದ ಎಷ್ಟೋ ಬಡಾವಣೆಗಳು ಇಂದಿಗೂ ಕೊಳವೆಬಾವಿ ಮತ್ತು ಟ್ಯಾಂಕರನ್ನು ನೆಚ್ಚಿಕೊಂಡಿವೆ. ಹಳೇ ಉಂಡುವಾಡಿ ಕುಡಿಯುವ ನೀರಿನ ಯೋಜನೆಯ ನೀರು ಬರಲಿದೆ ಎಂದು ಹೇಳಿ ಬೆಲೆ ಏರಿಸುವ ಬ್ರೋಕರುಗಳಿದ್ದಾರೆ. ಬರಲಿರುವ ನೀರಿಗೆ ಹಣ ಕೊಡಬೇಡಿ, ನಲ್ಲಿಯಲ್ಲಿ ಬರುತ್ತಿರುವ ನೀರಿಗೆ ಕೊಡಿ. ಏಪ್ರಿಲ್ ತಿಂಗಳಲ್ಲಿ ಒಂದು ಬೆಳಿಗ್ಗೆ ಹೋಗಿ, ಮಾರಾಟಕ್ಕಿರುವ ಮನೆಯವರನ್ನು ಬಿಟ್ಟು ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಿ: ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು, ಬೇಸಿಗೆಯಲ್ಲಿ ತಿಂಗಳಿಗೆ ಎಷ್ಟು ಟ್ಯಾಂಕರ್ ತರಿಸುತ್ತೀರಿ? ಸಂಪಿನ ಮುಚ್ಚಳ ತೆಗೆಸಿ ನೋಡಿ. ಗೋಡೆಯ ಮೇಲೆ ಬಿಳಿಯ ಪದರ ಗಟ್ಟಿಯಾಗಿ ಕೂತಿದ್ದರೆ ಅದು ಗಡಸು ಬೋರ್‌ವೆಲ್ ನೀರು; ನೀರಿನ ಗುರುತು ಯಾವಾಗಲೂ ತಳದ ಅಡಿ ಎರಡು ಅಡಿಯಲ್ಲೇ ನಿಂತಿದ್ದರೆ ಸಂಪು ತುಂಬುವಷ್ಟು ನೀರು ಬರುವುದೇ ಅಪರೂಪ ಎಂದು ಊಹಿಸಬಹುದು.

ಜೋರು ಮಳೆಯಾದ ಮರುದಿನ ಇನ್ನೊಮ್ಮೆ ಹೋಗಬೇಕು. ಮೈಸೂರಿನ ಸುತ್ತ ಕೆರೆಗಳೂ ಅವುಗಳನ್ನು ಒಂದಕ್ಕೊಂದು ಜೋಡಿಸುವ ಕಾಲುವೆಗಳೂ ಸಾಕಷ್ಟಿವೆ, ಅವುಗಳ ದಾರಿಯಲ್ಲೇ ಎದ್ದ ಬೀದಿಗಳೂ ಇವೆ. ನಿವೇಶನದ ಪಕ್ಕದಲ್ಲಿ ಕೆರೆಯಂಗಳವೋ ರಾಜಕಾಲುವೆಯೋ ಇದ್ದರೆ, ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಅದರ ಸುತ್ತ ಬಿಡಬೇಕಾದ ಜಾಗವನ್ನು ಮೈಸೂರು ಅಭಿವೃದ್ಧಿ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಲಾಗಿದೆಯೇ ಎಂಬುದನ್ನು ಬಹಳ ಜನ ಕೇಳುವುದೇ ಇಲ್ಲ. ಖಾಸಗಿ ಬಡಾವಣೆ ಇನ್ನೂ ನಿರ್ಮಾಣ ಮಾಡಿದವರ ಕೈಯಲ್ಲೇ ಇದ್ದರೆ ಬೀದಿದೀಪ ಕೆಟ್ಟಾಗ, ಒಳಚರಂಡಿ ಉಕ್ಕಿದಾಗ, ಕಸ ಎತ್ತದಿದ್ದಾಗ ಪಂಚಾಯಿತಿಯೂ ಪ್ರಾಧಿಕಾರವೂ ಒಬ್ಬರತ್ತ ಒಬ್ಬರು ಕೈ ತೋರಿಸುತ್ತಾರೆ. ಆ ಜಗ್ಗಾಟದ ನಡುವೆ ಸಿಕ್ಕಿಕೊಳ್ಳುವವರು ಅಲ್ಲಿ ವಾಸವಿರುವ ಕುಟುಂಬಗಳು.

3. ಇದು ಯಾವ ಬಗೆಯ ನಿವೇಶನ?

ಇಲ್ಲಿನ ಮನೆಗಳು ನಿಂತಿರುವ ನೆಲ ಸಾಮಾನ್ಯವಾಗಿ ನಾಲ್ಕು ಬಗೆ: ಹಿಂದೆ ಮುಡಾ ಆಗಿದ್ದ ಅಭಿವೃದ್ಧಿ ಪ್ರಾಧಿಕಾರ ಹಂಚಿದ ನಿವೇಶನ, ಗೃಹನಿರ್ಮಾಣ ಸಹಕಾರ ಸಂಘದ ನಿವೇಶನ, ಪ್ರಾಧಿಕಾರದ ಅನುಮೋದನೆ ಪಡೆದ ಖಾಸಗಿ ಬಡಾವಣೆಯ ನಿವೇಶನ, ಮತ್ತು ಯಾವ ಅನುಮೋದನೆಯೂ ಇಲ್ಲದ ರೆವಿನ್ಯೂ ಸೈಟು. ಮೊದಲನೆಯದರಲ್ಲಿ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಹಕ್ಕಿನ ಕ್ರಯಪತ್ರ ಮೂರೂ ಇರಬೇಕು. ಎರಡನೆಯದರಲ್ಲಿ ಸಂಘದ ಬಡಾವಣೆಯ ನಕ್ಷೆಗೆ ಅನುಮೋದನೆ ಸಿಕ್ಕಿದೆಯೇ, ನಿಮ್ಮ ಸೈಟಿನ ಸಂಖ್ಯೆ ಆ ನಕ್ಷೆಯಲ್ಲಿ ಇದೆಯೇ ಎಂಬುದನ್ನು ನೋಡಬೇಕು. ನಾಲ್ಕನೆಯದರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಬೆಲೆ ಅರ್ಧಕ್ಕಿಳಿದರೂ ವಾಸದ ಮನೆಗಾಗಿ ರೆವಿನ್ಯೂ ಸೈಟು ಕೊಳ್ಳಬಾರದು. ಅನಧಿಕೃತ ಸ್ವತ್ತುಗಳಿಗೆ ನಗರ ಸ್ಥಳೀಯ ಸಂಸ್ಥೆಗಳು 2025ರಿಂದ ಬಿ-ಖಾತಾ ಕೊಡುತ್ತಿವೆ. ಅದು ತೆರಿಗೆ ವಸೂಲಿಗೆ ಒಂದು ದಾರಿ, ಬಡಾವಣೆಗೆ ಸಿಕ್ಕ ಅನುಮೋದನೆಯಲ್ಲ.

500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ಫ್ಲಾಟುಗಳಿರುವಂತೆ ಹೊಸದಾಗಿ ಆಗುತ್ತಿರುವ ಯೋಜನೆಯಾದರೆ ಅದು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾಗಿರಲೇಬೇಕು. ನೋಂದಣಿ ಸಂಖ್ಯೆಯನ್ನು ಕರಪತ್ರದಲ್ಲಿ ನೋಡಿ ಸುಮ್ಮನಾಗದೆ, ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೋಡಬೇಕು.

4. ಕಾಗದಪತ್ರ: ಅವಸರ ಸಲ್ಲದ ಹೆಜ್ಜೆ

ವಕೀಲರಿಗೆ ಶುಲ್ಕ ಕೊಟ್ಟು ದಾಖಲೆ ಪರಿಶೀಲನೆ ಮಾಡಿಸುವುದು ಕಡ್ಡಾಯ ಎಂದುಕೊಳ್ಳಿ. ಆ ವಕೀಲರು ಮಾರುವವರ ಕಡೆಯವರಾಗಿರಬಾರದು. ಬ್ಯಾಂಕಿನವರು ಸಾಲ ಕೊಡುತ್ತಿದ್ದಾರೆ ಎಂದ ಮಾತ್ರಕ್ಕೆ ಕಾಗದ ಸರಿಯಿದೆ ಎಂದು ತಿಳಿಯಬಾರದು. ಬ್ಯಾಂಕು ನೋಡುವುದು ತನ್ನ ಸಾಲದ ಭದ್ರತೆಯನ್ನು. ಆದರೂ ಕೊಳ್ಳುವವರಿಗೆ ತಾವೇ ಓದಿ ಅರ್ಥಮಾಡಿಕೊಳ್ಳುವಷ್ಟು ತಿಳಿವಳಿಕೆ ಇರಬೇಕು.

ಮೊದಲು ಭೂಪರಿವರ್ತನೆಯ ಆದೇಶ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿ ಜಮೀನನ್ನು ವಾಸದ ಉದ್ದೇಶಕ್ಕೆ ಪರಿವರ್ತಿಸಿದ ಆದೇಶದಲ್ಲಿ ಸರ್ವೆ ನಂಬರು, ವಿಸ್ತೀರ್ಣ ಮತ್ತು ಉದ್ದೇಶ ಈ ಮೂರನ್ನೂ ಬೆರಳಿಟ್ಟು ಓದಬೇಕು. ಆದೇಶ 2 ಎಕರೆಗೆ ಆಗಿದ್ದು ಬಡಾವಣೆ 2 ಎಕರೆ 20 ಗುಂಟೆಯಲ್ಲಿ ಎದ್ದಿದ್ದರೆ, ಆ 20 ಗುಂಟೆಯಲ್ಲಿ ಬಿದ್ದ ಸೈಟುಗಳಿಗೆ ನೆಲೆಯೇ ಇಲ್ಲ. ಒಂದು ಗುಂಟೆ ಎಂದರೆ 1089 ಚದರ ಅಡಿ. ಹಾಗಾಗಿ ಅಂಥ ಅಂಚಿನಲ್ಲಿ ಮೂವತ್ತು ನಲವತ್ತರ ಹತ್ತಾರು ಸೈಟುಗಳು ಅಡಗಬಲ್ಲವು.

ಎರಡನೆಯದು ಋಣಭಾರ ಪ್ರಮಾಣಪತ್ರ, ಜನರ ಮಾತಿನಲ್ಲಿ ಇಸಿ; ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದ ಈಚಿನ ವ್ಯವಹಾರಗಳನ್ನು ನೋಡಬಹುದು. ಅದಕ್ಕಿಂತ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಕನಿಷ್ಠ 30 ವರ್ಷದ್ದು ಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಸೈಟಿನ ಸಂಖ್ಯೆಯ ಮೇಲೆ ಇಸಿ ತೆಗೆದರೆ ಬಡಾವಣೆ ಆದ ಮೇಲಿನ ಚರಿತ್ರೆ ಮಾತ್ರ ಸಿಗುತ್ತದೆ. ಅದಕ್ಕೂ ಮೊದಲು ಆ ಹೊಲದ ಮೇಲೆ ನಡೆದ ಕ್ರಯ, ಅಡಮಾನ, ವಿಭಾಗಗಳು ಸರ್ವೆ ನಂಬರಿನ ಮೇಲೆ ತೆಗೆದ ಇಸಿಯಲ್ಲಿ ಇರುತ್ತವೆ. ಎರಡನ್ನೂ ತೆಗೆಸಿ, ಮೂಲಪತ್ರದಿಂದ ಇಂದಿನ ಮಾಲೀಕರವರೆಗೆ ಕೊಂಡಿ ಎಲ್ಲೂ ತಪ್ಪದಂತೆ ಜೋಡಿಸಿ ನೋಡಬೇಕು. ಪ್ರತಿ ಪತ್ರದ ಚಕ್ಕುಬಂದಿಯನ್ನೂ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನೂ, ಹೋಲಿಸಬೇಕು. ಒಂದರಲ್ಲಿ ಪೂರ್ವಕ್ಕೆ ರಸ್ತೆ, ಮತ್ತೊಂದರಲ್ಲಿ ಪೂರ್ವಕ್ಕೆ ಇನ್ನೊಬ್ಬರ ಸೈಟು ಎಂದಿದ್ದರೆ ಅಲ್ಲೇ ನಿಲ್ಲಬೇಕು.

ಮೂರನೆಯದು ಸಹಿಗಳು. ನಮ್ಮ ಕಡೆಯ ಸಿವಿಲ್ ನ್ಯಾಯಾಲಯಗಳಲ್ಲಿ ಪಾಲಿನ ದಾವೆಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ. ಒಬ್ಬ ರೈತರ ಪಿತ್ರಾರ್ಜಿತ ಜಮೀನನ್ನು ಅವರು ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳು ಸೇರಿ ಬಡಾವಣೆಯವರಿಗೆ ಮಾರಿದರು, ಮದುವೆಯಾಗಿ ಹೋದ ಮೂವರು ಹೆಣ್ಣುಮಕ್ಕಳ ಸಹಿ ಹಾಕಿಸಲಿಲ್ಲ ಎಂದುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಮಗಳೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಇರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಕ್ರಯ ಮತ್ತು ವಿಭಾಗಗಳನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಆಮೇಲಿನ ಕ್ರಯವಾದರೆ ವಂಶವೃಕ್ಷವನ್ನು ತರಿಸಿಕೊಂಡು, ಅದರಲ್ಲಿರುವ ಪ್ರತಿಯೊಂದು ಹೆಸರಿಗೂ ಕ್ರಯಪತ್ರದಲ್ಲೋ ಹಕ್ಕು ಬಿಡುಗಡೆ ಪತ್ರದಲ್ಲೋ ಸಹಿ ಇದೆಯೇ ಎಂದು ಒಂದೊಂದಾಗಿ ಗುರುತು ಹಾಕಬೇಕು. ಅಕ್ಕತಂಗಿಯರ ಹಕ್ಕನ್ನು ಮರೆಮಾಡಿದ ನೆಲದ ಮೇಲೆ ಇನ್ನೊಂದು ಕುಟುಂಬ ನೆಮ್ಮದಿಯಾಗಿ ಬಾಳಲಾರದು. ಕಾನೂನನ್ನು ಬದಿಗಿಟ್ಟರೂ ಇದು ಸರಿಯಲ್ಲ.

ಜಮೀನು ಸರ್ಕಾರದಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದೇ ಎಂಬುದನ್ನೂ ಹಳೆಯ ಪಹಣಿಗಳಿಂದ ಖಚಿತಪಡಿಸಿಕೊಳ್ಳಬೇಕು. ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸುತ್ತದೆ. ಮೂಲ ಮಂಜೂರಾತಿದಾರರು ಎಷ್ಟು ವರ್ಷದ ಮೇಲಾದರೂ ಅದನ್ನು ಪ್ರಶ್ನಿಸಬಹುದೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಇನ್ನು ಖಾತೆ. ಖಾತೆ ಹಕ್ಕುಪತ್ರವಲ್ಲ, ತೆರಿಗೆ ಯಾರು ಕಟ್ಟಬೇಕೆಂದು ಹೇಳುವ ದಾಖಲೆ. ಆದರೆ ಈಗ ಇ-ಖಾತಾ, ಅಂದರೆ ಗಣಕೀಕೃತ ಖಾತೆ, ಇಲ್ಲದೆ ನೋಂದಣಿಯೇ ಆಗದು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು, ಹೂಟಗಳ್ಳಿ ನಗರಸಭೆಯಾಯಿತು. ಇಲ್ಲಿನ ಎಷ್ಟೋ ಮನೆಗಳ ಹಳೆಯ ಕಾಗದ ಗ್ರಾಮ ಪಂಚಾಯಿತಿ ಕಾಲದ ನಮೂನೆ 9 ಮತ್ತು 11. ಅದು ನಗರ ಸ್ಥಳೀಯ ಸಂಸ್ಥೆಗಳ ಗಣಕೀಕೃತ ದಾಖಲೆಯಾದ ಇ-ಆಸ್ತಿಗೆ ಬದಲಾಗಿದೆಯೇ, ಅಳತೆ ಎರಡರಲ್ಲೂ ಒಂದೇ ಆಗಿದೆಯೇ ಎಂದು ನೋಡಿ. ತಿದ್ದುಪಡಿ ಬೇಕಿದ್ದರೆ ಅದನ್ನು ಮಾರುವವರೇ ಮಾಡಿಸಿ ಕೊಡಲಿ.

ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಆಧಾರದ ಮೇಲಿನ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ಕೊಟ್ಟಿದೆ. ನೋಂದಾಯಿತ ಕ್ರಯಪತ್ರವಿಲ್ಲದ ಮನೆಯನ್ನು ಬಿಟ್ಟುಬಿಡಿ.

5. ಈಗ ಮನೆಯ ಒಳಗೆ

ಮಂಜೂರಾದ ಕಟ್ಟಡದ ನಕ್ಷೆಯನ್ನು ಕೈಯಲ್ಲಿ ಹಿಡಿದು, ಟೇಪಿನಿಂದ ನಾಲ್ಕೂ ಬದಿಯ ತೆರವು ಜಾಗವನ್ನು ಅಳೆಯಬೇಕು. ಒಬ್ಬ ಸಿವಿಲ್ ಎಂಜಿನಿಯರನ್ನು ಕರೆದುಕೊಂಡು ಹೋದರೆ ಬಿರುಕು, ತಾರಸಿಯ ಸೋರಿಕೆ, ವೈರಿಂಗ್ ಬಗ್ಗೆ ಅವರು ಹೇಳುತ್ತಾರೆ. ವಿದ್ಯುತ್ ಕಂಪನಿ ಸೆಸ್ಕ್‌ನ ಬಿಲ್ಲು ವಾಸದ ದರದಲ್ಲಿದೆಯೇ, ಇನ್ನೂ ಕಟ್ಟಡ ಕಾಮಗಾರಿಯ ತಾತ್ಕಾಲಿಕ ಸಂಪರ್ಕವೇ ಮುಂದುವರಿದಿದೆಯೇ ಎಂಬುದನ್ನೂ ನೋಡಿ.

6. ಲೆಕ್ಕ

60 ಲಕ್ಷ ರೂಪಾಯಿಯ ಮನೆ ಎಂದಿಟ್ಟುಕೊಳ್ಳೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ 80ನ್ನು ಮೀರುವಂತಿಲ್ಲ; ಅಂದರೆ ಗರಿಷ್ಠ 48 ಲಕ್ಷ. ಉಳಿದ 12 ಲಕ್ಷ ಕೈಯಿಂದ ಬರಬೇಕು. ಇದರ ಮೇಲೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ನಗರ ಪ್ರದೇಶದಲ್ಲಿ ಶೇ 7.6, ಅಂದರೆ 4.56 ಲಕ್ಷ. ಇದಕ್ಕೆ ಬ್ಯಾಂಕು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಹೀಗೆ ಹದಿನಾರೂವರೆ ಲಕ್ಷಕ್ಕೂ ಮೇಲ್ಪಟ್ಟ ಹಣ ಸ್ವಂತದ್ದಾಗಿರಬೇಕು, ಅದರ ಆಚೆಗೆ ಆರು ತಿಂಗಳ ಮನೆಖರ್ಚು ಕೈಯಲ್ಲಿ ಉಳಿದಿರಬೇಕು. 48 ಲಕ್ಷವನ್ನು ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 41,650 ರೂಪಾಯಿ, ಒಟ್ಟು ಕಟ್ಟುವುದು ಸುಮಾರು 1 ಕೋಟಿ. ಊರಿನ ಜಮೀನನ್ನೋ ತಾಯಿಯ ಒಡವೆಯನ್ನೋ ಇದಕ್ಕೆ ಸೇರಿಸುವ ಮುನ್ನ ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರೆಲ್ಲರಿಗೂ ತೋರಿಸಿ.

ಬೆಲೆಯ ಒಂದು ಭಾಗವನ್ನು ನಗದಾಗಿ ಕೊಡಿ, ಪತ್ರದಲ್ಲಿ ಕಡಿಮೆ ತೋರಿಸೋಣ ಎಂಬ ಮಾತಿಗೆ ಒಪ್ಪಬಾರದು. ವ್ಯವಹಾರ ಮುರಿದುಬಿದ್ದರೆ ಆ ನಗದಿಗೆ ಸಾಕ್ಷಿಯೇ ಇರುವುದಿಲ್ಲ.

7. ಕರಾರು, ನೋಂದಣಿ, ಆಮೇಲೆ

ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ಕ್ರಯದ ಕರಾರು ಮಾಡಿಕೊಳ್ಳಬೇಕು. ರೇರಾ ಯೋಜನೆಯಾದರೆ ನೋಂದಾಯಿತ ಕರಾರಿಗೆ ಮೊದಲು ಶೇ 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರು ಪಡೆಯುವಂತಿಲ್ಲ. ಬ್ಯಾಂಕು ಸಾಲ ನಿರಾಕರಿಸಿದರೆ ಅಥವಾ ದಾಖಲೆಯಲ್ಲಿ ದೋಷ ಕಂಡರೆ ಮುಂಗಡವನ್ನು ಇಂತಿಷ್ಟು ದಿನದಲ್ಲಿ ಮರಳಿಸಬೇಕೆಂಬ ವಾಕ್ಯ ಕರಾರಿನಲ್ಲಿ ಇರಲಿ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಾಗಿದ್ದರೆ ಶೇ 1ರಷ್ಟು ತೆರಿಗೆಯನ್ನು ಕಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದೇ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ದರವೂ ನಿಯಮವೂ ಬೇರೆ, ಲೆಕ್ಕಪರಿಶೋಧಕರನ್ನು ಕೇಳಲೇಬೇಕು. ನೋಂದಣಿಯ ದಿನ ಬೆಳಿಗ್ಗೆ ಇಸಿಯನ್ನು ಇನ್ನೊಮ್ಮೆ ತೆಗೆದು ನೋಡಿ, ಕ್ರಯಪತ್ರದ ಕರಡಿನಲ್ಲಿ ಹೆಸರು, ಅಳತೆ, ಚಕ್ಕುಬಂದಿಯನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಹೆಬ್ಬೆರಳು ಒತ್ತಿ.

ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಖಾತಾ ವರ್ಗಾವಣೆ, ಆಸ್ತಿ ತೆರಿಗೆ, ಸೆಸ್ಕ್ ಮೀಟರು ಮತ್ತು ನೀರಿನ ಸಂಪರ್ಕದ ಹೆಸರು ಬದಲಾವಣೆಯನ್ನು ಗೃಹಪ್ರವೇಶದ ಓಡಾಟದ ನಡುವೆಯೂ ಮುಂದೂಡದೆ ಮಾಡಿಸಬೇಕು. ಮೂಲಪತ್ರಗಳು ಬ್ಯಾಂಕಿನಲ್ಲಿರುತ್ತವಾದ್ದರಿಂದ ದೃಢೀಕೃತ ನಕಲಿನ ಒಂದು ಕಡತ ಮನೆಯಲ್ಲಿರಲಿ, ಅದು ಎಲ್ಲಿದೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ಮಾಡಿದೆ. ಪತ್ರಗಳನ್ನು ಪಡೆದ ಮೇಲೆ ಅಡಮಾನ ಬಿಡುಗಡೆಯಾದದ್ದು ಇಸಿಯಲ್ಲಿ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು.