ಸೈಬರ್ ವಿಮೆ: ಮೊದಲ ಪುಟದ ಮೊತ್ತ ನಂಬಿ ಸಹಿ ಹಾಕಬೇಡಿ

ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ಚೀಲ ಪೂರೈಸುವವರ ಹೆಸರಿನಲ್ಲಿ ಇಮೇಲ್ ಬರುತ್ತದೆ ಎಂದುಕೊಳ್ಳಿ: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಇದಕ್ಕೆ ಹಾಕಿ.’ ಇಮೇಲ್ ವಿಳಾಸದಲ್ಲಿ ‘ಎಲ್’ ಅಕ್ಷರ ಇರಬೇಕಾದ ಕಡೆ ಅಂಕಿ 1 ಕೂತಿದೆ. ಗುಮಾಸ್ತರು ಗಮನಿಸದೆ 18 ಲಕ್ಷ ರೂಪಾಯಿ ಆರ್‌ಟಿಜಿಎಸ್ ಮಾಡಿಬಿಡುತ್ತಾರೆ.

ಆನ್‌ಲೈನ್ ವಂಚನೆ, ಕಂಪ್ಯೂಟರ್ ದಾಳಿಗಳ ನಷ್ಟ ತುಂಬಿಕೊಡುವ ಸೈಬರ್ ವಿಮೆ ಗಿರಣಿಗಿದ್ದು, ಪಾಲಿಸಿಯ ಮೊದಲ ಪುಟದಲ್ಲಿ 1 ಕೋಟಿ ಎಂದಿದ್ದರೂ ಪೂರ್ತಿ ಹಣ ಸಿಗುವ ಖಾತ್ರಿಯಿಲ್ಲ. ಇಂಥ ವಂಚನೆಗೆ ಅನೇಕ ಪಾಲಿಸಿಗಳಲ್ಲಿ ಬೇರೆಯೇ ಉಪಮಿತಿ, ಅಂದರೆ ಒಟ್ಟು ಮೊತ್ತದೊಳಗೇ ಆ ಬಗೆಯ ನಷ್ಟಕ್ಕೆಂದು ಹಾಕಿದ ಚಿಕ್ಕ ಮಿತಿ ಇರುತ್ತದೆ. ಅದು 10 ಲಕ್ಷವಾಗಿದ್ದು, ನೀವೇ ಭರಿಸಬೇಕಾದ ಪಾಲು 1 ಲಕ್ಷವಿದ್ದರೆ, ಬರುವುದು ಹೆಚ್ಚೆಂದರೆ 10 ಲಕ್ಷ. ಆ ಪಾಲನ್ನು ಮಿತಿಯೊಳಗಿಂದಲೇ ಕಳೆಯುವ ಷರತ್ತಿದ್ದರೆ 9 ಲಕ್ಷ. ಖಾತೆ ಬದಲಾದಾಗ ಹಳೆಯ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡಿರಬೇಕು ಎಂಬ ಷರತ್ತೂ ಇರಬಹುದು. ಆದ್ದರಿಂದ ಮೊದಲು ಉಪಮಿತಿಗಳ ಪಟ್ಟಿ ಕೇಳಿ ಪಡೆಯಿರಿ.

ನಂತರ ನಿಮ್ಮ ಅಪಾಯ ಲೆಕ್ಕಹಾಕಿ. ಬಿಲ್ಲಿಂಗ್ ನಿಂತರೆ ದಿನಕ್ಕೆ ಎಷ್ಟು ನಷ್ಟ? ಆನ್‌ಲೈನಿನಲ್ಲಿ ಮಾರುವ ಬಳ್ಳಾರಿಯ ಜೀನ್ಸ್ ಘಟಕದ ಬಳಿ ಗಿರಾಕಿಗಳ ವಿಳಾಸ, ಫೋನ್ ನಂಬರುಗಳಿರುತ್ತವೆ. ಅವು ಸೋರಿದರೆ ಕಾನೂನು ಹೋರಾಟದ ಖರ್ಚೂ ಸೇರುತ್ತದೆ. ವ್ಯವಹಾರ ನಿಂತ ನಷ್ಟಕ್ಕೆ ಕಾಯುವ ಅವಧಿ ಇರುತ್ತದೆ. ಅದು 12 ಗಂಟೆಯಾದರೆ, ಮೊದಲ 12 ಗಂಟೆಯ ನಷ್ಟ ಸಾಮಾನ್ಯವಾಗಿ ನಿಮ್ಮದೇ. ಕರೆಂಟ್ ಹೋಗಿ ಕೆಲಸ ನಿಂತರೆ ಸಾಮಾನ್ಯವಾಗಿ ಪರಿಹಾರವಿಲ್ಲ.

ಕ್ಲೇಮಿನ ಗಟ್ಟಿತನ ನಿಂತಿರುವುದು ಪ್ರಪೋಸಲ್ ಫಾರಂ, ಅಂದರೆ ವಿಮೆ ಕೊಳ್ಳುವಾಗ ತುಂಬಿಕೊಡುವ ಅರ್ಜಿಯ ಮೇಲೆ. ‘ಬ್ಯಾಕಪ್ ಇದೆಯೇ?’ ಎಂಬಲ್ಲಿ ಏಜೆಂಟರೇ ‘ಹೌದು’ ಎಂದು ತುಂಬಲು ಬಿಡಬೇಡಿ. ಸುಳ್ಳು ಉತ್ತರ ಸಿಕ್ಕರೆ ಕಂಪನಿ ಕ್ಲೇಮು ತಿರಸ್ಕರಿಸಬಹುದು. ಲೆಕ್ಕದ ಕಂಪ್ಯೂಟರಿಗೆ ಸದಾ ಚುಚ್ಚಿಟ್ಟ ಹಾರ್ಡ್ ಡಿಸ್ಕನ್ನು ನೆಚ್ಚಿಕೊಳ್ಳಬೇಡಿ. ಫೈಲುಗಳನ್ನು ಲಾಕ್ ಮಾಡಿ ಬಿಡಿಸಲು ಹಣ ಕೇಳುವ ರ‍್ಯಾನ್ಸಮ್‌ವೇರ್, ಟ್ಯಾಲಿ ಲೆಕ್ಕದ ಫೈಲುಗಳ ಜೊತೆಗೆ ಅದನ್ನೂ ಲಾಕ್ ಮಾಡುತ್ತದೆ. ಒಂದು ಪ್ರತಿ ಬಿಚ್ಚಿ ಬೀರುವಿನಲ್ಲಿರಲಿ. ತಿಂಗಳಿಗೊಮ್ಮೆ ಅದರಿಂದ ಫೈಲು ತೆರೆದು ನೋಡಿ.

ಪಾಲಿಸಿಯಲ್ಲಿ ‘ರೆಟ್ರೋಆ್ಯಕ್ಟಿವ್ ದಿನಾಂಕ’ ಇದ್ದರೆ, ಅದಕ್ಕೂ ಮೊದಲು ನಡೆದ ಘಟನೆಗೆ ರಕ್ಷಣೆಯಿಲ್ಲ. ನವೀಕರಣ ಒಂದು ದಿನವೂ ತಪ್ಪದಿರಲಿ. ತಪ್ಪಿದರೆ ಆ ದಿನಾಂಕ ಮುಂದಕ್ಕೆ ಹೋಗಬಹುದು.

ದಾಳಿಯಾದರೆ ನೆಟ್‌ವರ್ಕ್ ಕೇಬಲ್ ಕೀಳಿ, ಪರದೆಯ ಫೋಟೊ ತೆಗೆಯಿರಿ. ‘ಫಾರ್ಮ್ಯಾಟ್ ಹೊಡೆದುಬಿಡೋಣ’ ಎನ್ನುವ ಕಂಪ್ಯೂಟರ್ ಅಂಗಡಿಯವರನ್ನು ತಡೆಯಿರಿ, ಅದರಲ್ಲಿ ಸಾಕ್ಷ್ಯ ಅಳಿಸಿಹೋಗುತ್ತದೆ. ಹಣ ಹೋಗಿದ್ದರೆ ತಕ್ಷಣ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ, ಹಣವನ್ನು ಮಧ್ಯದಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. 2022ರ ಏಪ್ರಿಲ್ 28ರ ನಿರ್ದೇಶನದಂತೆ, ಅದರಲ್ಲಿ ಪಟ್ಟಿ ಮಾಡಿದ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು. ವಿಮಾ ಕಂಪನಿಗೂ ಅಂದೇ ತಿಳಿಸಿ. ಅವರ ಲಿಖಿತ ಒಪ್ಪಿಗೆಯಿಲ್ಲದೆ ತಜ್ಞರನ್ನು ಗೊತ್ತುಮಾಡಿದರೆ ಆ ಬಿಲ್ಲು ನಿಮ್ಮ ತಲೆಗೇ ಬರಬಹುದು.